ಕೂಡಿಸಬಹುದಾದದ್ದು, ಕೂಡಿಸಬಾರದ್ದು

ಒಂದು ಸಾಫ್ಟ್‌ವೇರ್ ಯೋಜನೆ ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆಗೆ, ಕೇಳುವವರು ಎಷ್ಟು ಮಂದಿಯೋ ಅಷ್ಟು ಉತ್ತರಗಳಿವೆ. ಗ್ರಾಹಕನ ಕಣ್ಣು ಗಡುವಿನ ಮೇಲೆ. ಹಣಕಾಸು ವಿಭಾಗಕ್ಕೆ ಈ ತ್ರೈಮಾಸಿಕದ ಖರ್ಚು ತಿಳಿಯಬೇಕು. ಯಾರ ಮೇಲೆ ಹೊರೆ ಹೆಚ್ಚಾಗಿದೆ, ಯಾರ ಕೈ ಖಾಲಿಯಿದೆ ಎಂಬುದು ತಂಡದ ಮುಖ್ಯಸ್ಥೆಯ ಚಿಂತೆ. ಇವರೆಲ್ಲರ ಪ್ರಶ್ನೆಗಳಿಗೂ ಆಧಾರ ಒಂದೇ: ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೂತು ಕೆಲಸ ಮಾಡುವವರು ವಾರ ವಾರವೂ ಟೈಮ್‌ಶೀಟಿನಲ್ಲಿ ಬರೆಯುವ ಗಂಟೆಗಳು. ಆ ಗಂಟೆಗಳನ್ನು ಯೋಜನೆಯ ಕಡೆಯಿಂದ, ವ್ಯಕ್ತಿಯ ಕಡೆಯಿಂದ, ತಿಂಗಳಿನ ಕಡೆಯಿಂದ, ಕೆಲಸದ ಬಗೆಯ ಕಡೆಯಿಂದ ಬೇಕಾದಂತೆ ತಿರುಗಿಸಿ ನೋಡಲು ನೆರವಾಗುವ ಸಾಧನವೇ ಬಹು ಆಯಾಮದ ಡೇಟಾ ಕ್ಯೂಬ್.

ನಮ್ಮ ಹಳೆಯ ಅಂಗಡಿಗಳ ಲೆಕ್ಕ ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ಕಿರ್ದಿಯಲ್ಲಿ ವಹಿವಾಟನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದರು. ಖಾತೆ ಪುಸ್ತಕದಲ್ಲಿ ಅದೇ ವಹಿವಾಟನ್ನು ಆಸಾಮಿವಾರು ವಿಂಗಡಿಸುತ್ತಿದ್ದರು. ಬರೆಯುವಾಗ ಅನುಕೂಲವಾದ ಕ್ರಮ ಓದುವಾಗ ಅನುಕೂಲವಾಗದು ಎಂಬ ಅನುಭವದಿಂದ ಹುಟ್ಟಿದ ಏರ್ಪಾಡು ಅದು. ಕಂಪ್ಯೂಟರ್ ಲೋಕ ಇದೇ ತಿಳಿವಳಿಕೆಗೆ ತನ್ನ ದಾರಿಯಲ್ಲಿ ಬಂದು ತಲುಪಿತು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸಿನ ಸಿದ್ಧಾಂತವನ್ನು ಮಂಡಿಸಿದರು. ಇಂದಿಗೂ ಬ್ಯಾಂಕು, ರೈಲ್ವೆ ಕಾಯ್ದಿರಿಸುವಿಕೆಯಂಥ ವ್ಯವಸ್ಥೆಗಳಿಗೆ ಅದೇ ತಳಹದಿ. ಅದೇ ಕಾಡ್ 1993ರಲ್ಲಿ, ದಾಖಲಿಸುವ ಕೆಲಸ ಬೇರೆ, ವಿಶ್ಲೇಷಿಸುವ ಕೆಲಸ ಬೇರೆ ಎಂದು ವಾದಿಸಿ, ಎರಡನೆಯದಕ್ಕೆ ‘ಓಎಲ್‌ಎಪಿ’ ಎಂಬ ಹೆಸರನ್ನೂ ಹನ್ನೆರಡು ನಿಯಮಗಳನ್ನೂ ಕೊಟ್ಟರು. ಅಂಥ ಉತ್ಪನ್ನವನ್ನು ಮಾರುತ್ತಿದ್ದ ಕಂಪನಿಯೊಂದರ ಪ್ರಾಯೋಜಕತ್ವ ಆ ಲೇಖನಕ್ಕಿತ್ತು ಎಂಬುದು ವಿವಾದವಾಯಿತು. ಆದರೂ ಹೆಸರು ಉಳಿಯಿತು, ವಿಚಾರವೂ ಉಳಿಯಿತು.

ಕ್ಯೂಬಿನ ಗಣಿತವನ್ನು ಸ್ಪಷ್ಟಗೊಳಿಸಿದ್ದು ಜಿಮ್ ಗ್ರೇ ಮತ್ತು ಸಂಗಡಿಗರ 1996ರ ಪ್ರಬಂಧ. ಯೋಜನೆ, ವ್ಯಕ್ತಿ, ಕಾಲ, ಕೆಲಸದ ಬಗೆ ಎಂಬ ನಾಲ್ಕು ಆಯಾಮಗಳಿದ್ದರೆ ಮೊತ್ತ ಹಾಕಲು 16 ದಾರಿಗಳಿವೆ. ಹತ್ತು ಆಯಾಮಗಳಿದ್ದರೆ 1,024. ಎಲ್ಲವನ್ನೂ ಮೊದಲೇ ಲೆಕ್ಕಹಾಕಿಟ್ಟರೆ ಉತ್ತರ ಕ್ಷಣದಲ್ಲಿ ಸಿಗುತ್ತದೆ, ಆದರೆ ಜಾಗ ಸಾಲದು. ಯಾವ ಮೊತ್ತಗಳನ್ನು ಮುಂಚಿತವಾಗಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಅದೇ ವರ್ಷ ಸ್ಟ್ಯಾನ್‌ಫರ್ಡಿನಲ್ಲಿದ್ದ ವೆಂಕಿ ಹರಿನಾರಾಯಣ್, ಆನಂದ್ ರಾಜಾರಾಮನ್ ಮತ್ತು ಜೆಫ್ರಿ ಉಲ್ಮನ್ ಒಂದು ಸುಂದರ ಉತ್ತರ ಕೊಟ್ಟರು. ಪ್ರತಿ ಹಂತದಲ್ಲೂ ಅತಿ ಹೆಚ್ಚು ಲಾಭ ತರುವ ಮೊತ್ತವನ್ನು ಆರಿಸುತ್ತಾ ಹೋದರೆ, ಅತ್ಯುತ್ತಮ ಆಯ್ಕೆಯಿಂದ ಸಿಗಬಹುದಾದ ಲಾಭದ ಕನಿಷ್ಠ 63 ಶೇಕಡಾ ಸಿಕ್ಕೇ ಸಿಗುತ್ತದೆ ಎಂದು ಸಾಧಿಸಿ ತೋರಿಸಿದರು.

ಯೋಜನಾ ನಿರ್ವಹಣೆಯ ತಂತ್ರಾಂಶಗಳಿಗೆ ಕ್ಯೂಬ್ ಬಂದದ್ದು ಇದರ ಬೆನ್ನಿಗೆ. ಇಸ್ರೇಲಿನ ಪನೋರಮಾ ಕಂಪನಿಯಿಂದ 1996ರಲ್ಲಿ ಕೊಂಡ ತಂತ್ರಜ್ಞಾನವನ್ನು ಮೈಕ್ರೋಸಾಫ್ಟ್ 1998ರಲ್ಲಿ ತನ್ನ ಎಸ್‌ಕ್ಯುಎಲ್ ಸರ್ವರ್ ಜೊತೆಗೆ ಹೊರತಂದಿತು. ಮುಂದೆ ಅದರ ಪ್ರಾಜೆಕ್ಟ್ ಸರ್ವರ್ ಅದೇ ತಳಹದಿಯ ಮೇಲೆ ಟೈಮ್‌ಶೀಟು, ಕಾರ್ಯಗಳು, ಅಪಾಯಗಳು, ಸಮಸ್ಯೆಗಳು ಎಂದು ಬೇರೆ ಬೇರೆ ಕ್ಯೂಬುಗಳನ್ನು ಕಟ್ಟತೊಡಗಿತು. ಸಾಮಾನ್ಯವಾಗಿ ರಾತ್ರಿ ಹೊತ್ತು ಕಟ್ಟಿ ಮುಗಿಸಿ, ಬೆಳಿಗ್ಗೆ ಎಕ್ಸೆಲ್‌ನ ಪಿವೋಟ್ ಟೇಬಲಿನಲ್ಲಿ ತೆರೆಯುವ ಪದ್ಧತಿ. ಕೆಲಸಗಳ ಜಾಡು ಹಿಡಿಯುವ ‘ಜಿರಾ’ ತಂತ್ರಾಂಶವನ್ನು ಬಳಸುವವರಲ್ಲಿ ಅನೇಕರಿಗೆ ಪರಿಚಿತವಾದ ಲಾಟ್ವಿಯಾದ ಈಜಿಬಿಐ ಕೂಡ ‘ಮಾಂಡ್ರಿಯಾನ್’ ಎಂಬ ಮುಕ್ತ ತಂತ್ರಾಂಶದ ಕ್ಯೂಬ್ ಎಂಜಿನ್ನಿನ ಮೇಲೆ ನಿಂತಿದೆ.

ಸೌಲಭ್ಯ ದೊಡ್ಡದು, ಅದನ್ನು ಹೀಗಳೆಯುವ ಕಾರಣ ನನಗಿಲ್ಲ. ರಾತ್ರಿ ಕಟ್ಟಿದ ಕ್ಯೂಬು ಮರುದಿನ ಎಲ್ಲರಿಗೂ ಒಂದೇ ಅಂಕಿಯನ್ನು ತೋರಿಸುತ್ತದೆ. ‘ನಿಮ್ಮ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ’ ಎಂಬ ಜಗಳದಲ್ಲೇ ಕಳೆದುಹೋಗುತ್ತಿದ್ದ ಸಭೆಗಳಿಗೆ ಅದೊಂದು ದೊಡ್ಡ ಬಿಡುಗಡೆ. ಆದರೆ ಕ್ಯೂಬಿಗೆ ಗೊತ್ತಿರುವುದು ಮುಖ್ಯವಾಗಿ ಕೂಡಿಸುವ ಕೆಲಸ. ಏನನ್ನು ಕೂಡಿಸಬಹುದು, ಏನನ್ನು ಕೂಡಿಸಬಾರದು ಎಂಬ ವಿವೇಕವನ್ನು ಅದನ್ನು ಕಟ್ಟುವ ಮನುಷ್ಯರು ಮೊದಲೇ ತುಂಬಬೇಕು. ಡೇಟಾ ವೇರ್‌ಹೌಸ್ ವಿನ್ಯಾಸದ ಗುರುವೆಂದು ಹೆಸರಾದ ರಾಲ್ಫ್ ಕಿಂಬಲ್ ಅಳತೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರಲ್ಲಿ ಈ ವಿವೇಕವೇ ಇದೆ.

ಮೊದಲನೆಯದು, ಎಲ್ಲ ದಿಕ್ಕಿನಲ್ಲೂ ಕೂಡುವಂಥದ್ದು. ದುಡಿದ ಗಂಟೆ, ಖರ್ಚಾದ ಹಣ ಈ ಜಾತಿಯವು. ಎರಡನೆಯದು, ಕೆಲವು ದಿಕ್ಕಿನಲ್ಲಿ ಮಾತ್ರ ಕೂಡುವಂಥದ್ದು. ಜನವರಿ ಕೊನೆಗೆ 120 ಕೆಲಸಗಳು ಬಾಕಿ, ಫೆಬ್ರವರಿ ಕೊನೆಗೆ 110, ಮಾರ್ಚ್ ಕೊನೆಗೆ 130 ಎಂದಿಟ್ಟುಕೊಳ್ಳಿ. ತ್ರೈಮಾಸಿಕದ ಬಾಕಿ 360 ಆಗುವುದಿಲ್ಲ, 130 ಅಷ್ಟೇ. ಯೋಜನೆಗಳ ಅಡ್ಡಸಾಲಿನಲ್ಲಿ ಕೂಡುವ ಬಾಕಿ, ಕಾಲದ ಉದ್ದಕ್ಕೆ ಕೂಡುವುದಿಲ್ಲ. ಮೂರನೆಯದು ಯಾವ ದಿಕ್ಕಿನಲ್ಲೂ ಕೂಡದ ಅನುಪಾತಗಳು, ಶೇಕಡಾವಾರುಗಳು. ಸಾವಿರ ಗಂಟೆಯ ಯೋಜನೆಯೊಂದು 90 ಶೇಕಡಾ ಮುಗಿದಿದೆ, ನೂರು ಗಂಟೆಯದೊಂದು 10 ಶೇಕಡಾ ಮುಗಿದಿದೆ. ಎರಡನ್ನೂ ಸರಾಸರಿ ಮಾಡಿ 50 ಶೇಕಡಾ ಎಂದರೆ ಅದು ಸುಳ್ಳು ವರದಿ. ಒಟ್ಟು 1,100 ಗಂಟೆಯಲ್ಲಿ 910 ಗಂಟೆಯ ಕೆಲಸ ಮುಗಿದಿದೆ, ಅಂದರೆ ಹೆಚ್ಚುಕಡಿಮೆ 83 ಶೇಕಡಾ. ಈ ತಪ್ಪಿನಿಂದ ತಂಡಗಳು ವಿನಾಕಾರಣ ಬೈಗುಳ ತಿನ್ನುತ್ತವೆ. ಅಂಕಿ ಅದಲುಬದಲಾದರೆ ಮುಳುಗುತ್ತಿರುವ ಯೋಜನೆಗೂ ಶಹಬ್ಬಾಸ್‌ಗಿರಿ ಸಿಗುತ್ತದೆ.

ಕಾಲ ಇನ್ನೊಂದು ಬಗೆಯಲ್ಲಿ ತೊಡಕು ತರುತ್ತದೆ. ಟೆಸ್ಟಿಂಗ್ ತಂಡದಲ್ಲಿದ್ದವರೊಬ್ಬರು ಜೂನ್‌ನಲ್ಲಿ ಡೆವಲಪ್‌ಮೆಂಟ್ ತಂಡಕ್ಕೆ ಹೋದರು. ಮೇ ತಿಂಗಳವರೆಗೆ ಅವರು ದುಡಿದ ಗಂಟೆಗಳು ಯಾರ ಲೆಕ್ಕಕ್ಕೆ? ಹಳೆಯ ತಂಡದ ಹೆಸರನ್ನು ಅಳಿಸಿ ಹೊಸದನ್ನು ಬರೆದರೆ ಇತಿಹಾಸವೇ ಬದಲಾಗುತ್ತದೆ, ಕಳೆದ ವರ್ಷದ ವರದಿಯ ಅಂಕಿ ಈ ವರ್ಷ ತೆಗೆದರೆ ಬೇರೆಯಾಗಿ ಬರುತ್ತದೆ. ಇಂತಿಂಥ ದಿನದವರೆಗೆ ಇಲ್ಲಿ, ಆಮೇಲೆ ಅಲ್ಲಿ ಎಂದು ಎರಡು ಸಾಲು ಇಟ್ಟರೆ ಮಾತ್ರ ಹಿಂದಿನದು ಹಿಂದಿನಂತೆ ಉಳಿಯುತ್ತದೆ.

ಹಾಗಾದರೆ ಗಂಟೆಗಳನ್ನಾದರೂ ನಿಶ್ಚಿಂತೆಯಿಂದ ಕೂಡಿಸಬಹುದಲ್ಲ ಎನ್ನಬಹುದು. ಐಬಿಎಂನ ಓಎಸ್/360 ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಎಚ್ಚರಿಸಿದ್ದು ಈ ನಿಶ್ಚಿಂತೆಯ ಬಗ್ಗೆಯೇ. ಖರ್ಚನ್ನು ಅಳೆಯುವಾಗ ಹತ್ತು ಮಂದಿಯ ಒಂದು ತಿಂಗಳೂ ಒಬ್ಬರ ಹತ್ತು ತಿಂಗಳೂ ಸಮ. ಪ್ರಗತಿಯನ್ನು ಅಳೆಯುವಾಗ ಸಮವಲ್ಲ. ಐದು ಮಂದಿಯ ನಡುವೆ ಮಾತುಕತೆಯ ಜೋಡಿಗಳು 10, ಹತ್ತು ಮಂದಿಯ ನಡುವೆ 45. ತಡವಾದ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ನಿಯಮ ಹುಟ್ಟಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಕ್ಯೂಬಿನಲ್ಲಿ ಕಾಣುವ ಗಂಟೆಗಳ ಮೊತ್ತ ಖರ್ಚಿನ ವಿಷಯದಲ್ಲಿ ನಿಜ ಹೇಳುತ್ತದೆ. ಅದನ್ನೇ ಪ್ರಗತಿಯೆಂದು ಓದಿದರೆ ತಪ್ಪು ಓದುವವರದು.

ಆಯಾಮಗಳ ಆಯ್ಕೆಯೂ ಅಷ್ಟೇ ನಿರ್ಣಾಯಕ. ಇದಕ್ಕೆ ಪ್ರಸಿದ್ಧ ಸಾಕ್ಷಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದ ಅಂಕಿಗಳು. ಒಟ್ಟು ಲೆಕ್ಕದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44 ಶೇಕಡಾ, ಹೆಂಗಸರಲ್ಲಿ ಸುಮಾರು 35 ಶೇಕಡಾ ಮಂದಿಗೆ ಪ್ರವೇಶ ಸಿಕ್ಕಿತ್ತು. ಪೀಟರ್ ಬಿಕೆಲ್ ಮತ್ತು ಸಂಗಡಿಗರು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ ಪ್ರಕಟಿಸಿದಾಗ ಆ ಅಂತರ ಬಹುಪಾಲು ಕರಗಿಹೋಯಿತು. ಹೆಚ್ಚಿನ ಹೆಂಗಸರು ಸೀಟು ಸಿಗುವುದು ಕಷ್ಟವಾದ ವಿಭಾಗಗಳಿಗೆ ಅರ್ಜಿ ಹಾಕಿದ್ದರು. ‘ವಿಭಾಗ’ ಎಂಬ ಒಂದು ಆಯಾಮ ಸೇರಿದೊಡನೆ ಕಥೆಯೇ ಬದಲಾಯಿತು. ಒಂದು ತಂಡದ ಕೆಲಸಗಳು ಸರಾಸರಿಯಲ್ಲಿ ನಿಧಾನ ಎನ್ನುವ ಮುನ್ನ, ಕಠಿಣ ಕೆಲಸಗಳೆಲ್ಲ ಆ ತಂಡದ ಪಾಲಿಗೇ ಬಂದಿವೆಯೇ ಎಂದು ಕೆಲಸದ ಬಗೆಯ ಆಯಾಮದಲ್ಲಿ ಇಳಿದು ನೋಡುವುದು ನ್ಯಾಯದ ಪ್ರಶ್ನೆ.

ಹಾಗೆ ಇಳಿಯುತ್ತಾ ಹೋದರೆ ಕೊನೆಗೆ ಸಿಗುವುದು ಒಂದು ಕೋಶ: ಒಬ್ಬ ವ್ಯಕ್ತಿ, ಒಂದು ದಿನ, ಒಂದು ಕೆಲಸ, ಕೆಲವು ಗಂಟೆ. 200 ಯೋಜನೆ, 500 ಮಂದಿ, 365 ದಿನ, 10 ಬಗೆಯ ಕೆಲಸ ಎಂದರೆ 36.5 ಕೋಟಿ ಕೋಶಗಳು. ಪ್ರತಿಯೊಬ್ಬರೂ 240 ದಿನ ದುಡಿದು ದಿನಕ್ಕೆ ಎರಡು ದಾಖಲೆ ಬರೆದರೂ ತುಂಬುವುದು 2.4 ಲಕ್ಷ ಮಾತ್ರ, ಸುಮಾರು 1,500ಕ್ಕೆ ಒಂದು. ಉಳಿದದ್ದೆಲ್ಲ ಖಾಲಿ. ಮೇಲೆ ಕಾಣುವ ಸಕಲ ನಕ್ಷೆಗಳೂ ಆ ಒಂದೊಂದು ದಾಖಲೆಯ ಪ್ರಾಮಾಣಿಕತೆಯ ಮೇಲೆ ನಿಂತಿವೆ. ಬರೆದ ಗಂಟೆಯೇ ನಾಳೆ ತನ್ನ ವಿರುದ್ಧ ಸಾಕ್ಷಿಯಾಗುತ್ತದೆ ಎಂಬ ಭಯ ಹುಟ್ಟಿದರೆ ನೌಕರ ಪ್ರತಿದಿನವೂ ಎಂಟೆಂಟು ಎಂದೇ ಬರೆಯುತ್ತಾನೆ. ಯಾವ ತಂತ್ರಾಂಶಕ್ಕೂ ಆ ಸುಳ್ಳನ್ನು ತಿದ್ದುವ ಶಕ್ತಿಯಿಲ್ಲ.

ವರದಿ ಕೇಳುವ ಸ್ಥಾನದಲ್ಲಿರುವವರಲ್ಲಿ ನನ್ನ ಮನವಿ ಮೂರು. ಪ್ರತಿ ಅಳತೆಯ ಪಕ್ಕದಲ್ಲಿ ಅದು ಯಾವ ದಿಕ್ಕಿನಲ್ಲಿ ಕೂಡುತ್ತದೆ, ಯಾವುದರಲ್ಲಿ ಕೂಡದು ಎಂಬುದನ್ನು ಬರೆಸಿಡಿ. ಯಾವುದೇ ತಂಡದ ಬಗ್ಗೆ ತೀರ್ಮಾನಕ್ಕೆ ಬರುವ ಮುನ್ನ ಕನಿಷ್ಠ ಇನ್ನೊಂದು ಆಯಾಮದಲ್ಲಿ ಇಳಿದು ನೋಡಿ. ಮತ್ತು ಟೈಮ್‌ಶೀಟಿನಲ್ಲಿ ನಿಜ ಬರೆದವರನ್ನು ಆ ನಿಜಕ್ಕಾಗಿ ಶಿಕ್ಷಿಸಬೇಡಿ.