ನಡುಹೊಳೆಯಲ್ಲಿ ಏರುವ ರೇಟು

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಫೋನಿನಲ್ಲಿ ಹೇಳುವ ರೇಟಿಗೆ ಎಸ್ಟಿಮೇಟ್ ಅನ್ನೋ ಮರ್ಯಾದೆಯ ಹೆಸರು ಯಾಕೆ? ಅಂದಾಜು ಅಂದಮೇಲೆ ಹೆಚ್ಚೂ ಆಗಬಹುದು, ಕಮ್ಮಿಯೂ ಆಗಬಹುದು. ಬೆಂಗಳೂರಿನಲ್ಲಿ ನಾಲ್ಕು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಕೊನೆಗೆ ಕಮ್ಮಿಯಾದ ಅಂದಾಜನ್ನು ಒಂದು ಸಲವೂ ಕಂಡಿಲ್ಲ. ಯಾವಾಗಲೂ ಒಂದೇ ಕಡೆಗೆ ತಪ್ಪುವ ಲೆಕ್ಕ ಅಂದಾಜಲ್ಲ ಸ್ವಾಮೀ, ಗಾಳ.

ಅವರು ಕೇಳೋದು ಒಂದೇ ಪ್ರಶ್ನೆ: "ಒನ್ ಬಿಎಚ್‌ಕೆನಾ, ಟೂ ಬಿಎಚ್‌ಕೆನಾ ಸಾರ್?" ಅಟ್ಟದ ಮೇಲೆ ಏನಿದೆ, ಲಿಫ್ಟ್ ಇದೆಯಾ, ಲಾರಿ ಗಲ್ಲಿಯೊಳಗೆ ಬರುತ್ತಾ, ಬೀರು ಮೆಟ್ಟಿಲಲ್ಲಿ ತಿರುಗುತ್ತಾ, ಒಂದನ್ನೂ ಕೇಳಲ್ಲ. ಇದು ಮರೆವಲ್ಲ. ಇವತ್ತು ಕೇಳದೆ ಬಿಟ್ಟದ್ದೆಲ್ಲ ನಾಳೆ ಸಾಮಾನು ಲಾರಿ ಹತ್ತಿದ ಮೇಲೆ "ಎಕ್ಸ್‌ಟ್ರಾ" ಆಗುತ್ತೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ 18,000 ಅಂದರು ಅಂತಿಟ್ಟುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ, 3,240. ಸಾಮಾನಿನ ಬೆಲೆ 4 ಲಕ್ಷ ಅಂತ ಬರೆಸಿ ಶೇ. 3ರಂತೆ "ಇನ್ಶೂರೆನ್ಸ್" ಹಾಕಿದರೆ 12,000. ಅಲ್ಲಿಗೆ 33,240 ಆಯ್ತು. ಮಹಡಿ ಹತ್ತಿಸಿದ್ದು, ಮಂಚ ಬಿಚ್ಚಿದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆ ಇನ್ಶೂರೆನ್ಸ್‌ಗೆ ವಿಮಾ ಕಂಪನಿಯ ಪಾಲಿಸಿ ಎಲ್ಲಿ ಅಂತ ಕೇಳಿ. ಎಷ್ಟೋ ಕಡೆ ಅವರದೇ ಬಿಲ್ಲಿನ ಒಂದು ಸಾಲು ಬಿಟ್ಟರೆ ಬೇರೆ ಕಾಗದ ಇರಲ್ಲ. ಲಾರಿಯವನು ವಿಮಾ ಕಂಪನಿ ಆಗೋದು ಯಾವಾಗಿಂದ?

"ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಟ್ಬಿಡೋಣ ಸಾರ್" ಅನ್ನೋದು ಇನ್ನೊಂದು ಗಾಳ. ಬಿಲ್ ಇಲ್ಲದಿದ್ದರೆ ನಾಳೆ ಫ್ರಿಜ್ ಜಜ್ಜಿಹೋದಾಗ ಗ್ರಾಹಕರ ಆಯೋಗದ ಮುಂದೆ ಏನು ಹಿಡಿದು ನಿಲ್ತೀರಿ?

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಬಗ್ಗೆ ನಮ್ಮಲ್ಲಿ ಗಾದೆ ಇದೆ. ನಡುಹೊಳೆಯಲ್ಲಿ ದೋಣಿ ನಿಲ್ಲಿಸಿ ಕೂಲಿ ಏರಿಸುವ ಅಂಬಿಗನ ಬಗ್ಗೆ ಯಾಕೋ ಇಲ್ಲ. ಮಕ್ಕಳ ಪುಸ್ತಕ, ಅಪ್ಪನ ಔಷಧಿ, ಅಡುಗೆಮನೆ ಪೂರ್ತಿ ಲಾರಿಯಲ್ಲಿರುವಾಗ "ಬಾಕಿ ಕೊಟ್ರೆ ಇಳಿಸ್ತೀವಿ" ಅನ್ನೋದು ವ್ಯಾಪಾರವಲ್ಲ, ಒತ್ತೆ.

"ಜನರಿಗೇ ಕಮ್ಮಿ ರೇಟು ಬೇಕು, ನಿಜ ಹೇಳಿದರೆ ಯಾರೂ ಬರಲ್ಲ" ಅಂತಾರೆ ಈ ಧಂದೆಯವರು. ಅದೂ ಸುಳ್ಳಲ್ಲ. ಮನೆಗೆ ಬಂದು ನೋಡಿ 30,000 ಅಂದವನನ್ನು ಬಿಟ್ಟು ನಾವು 18,000ದವನ ಹಿಂದೆ ಹೋಗ್ತೀವಿ. ಅದಕ್ಕೇ ನಿಯಮ ಬೇಕು ಅನ್ನೋದು. ಇಲ್ಲದಿದ್ದರೆ ಪ್ರಾಮಾಣಿಕನೇ ಮೊದಲು ಅಂಗಡಿ ಮುಚ್ಚುತ್ತಾನೆ.

ನಿಯಮ ಮಾಡೋದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಸಾಗಿಸುವವರು ಎಸ್ಟಿಮೇಟನ್ನು ಬರೆದೇ ಕೊಡಬೇಕು, ಅದಕ್ಕೆ ತಾವು ಬದ್ಧರೋ ಅಲ್ಲವೋ ಅಂತಲೂ ಅದರಲ್ಲಿ ಹೇಳಬೇಕು. ಬದ್ಧವಲ್ಲದ ಎಸ್ಟಿಮೇಟಾದರೂ, ಒಪ್ಪಿದ ಅದೇ ಕೆಲಸಕ್ಕೆ ಇಳಿಸುವ ಹೊತ್ತಿನಲ್ಲಿ ಅದರ ಶೇ. 110ಕ್ಕಿಂತ ಹೆಚ್ಚು ಕೊಟ್ಟರೇ ಸಾಮಾನು ಅನ್ನುವಂತಿಲ್ಲ. ಬಾಕಿ ಇದ್ದರೆ ಆಮೇಲೆ ಬಿಲ್ ಕಳಿಸಬೇಕು. ಅಲ್ಲೂ ಮೋಸಗಾರರಿದ್ದಾರೆ, ಆದರೆ ಅಲ್ಲಿ ಮೋಸಕ್ಕೆ ಒಂದು ಗೆರೆ ಎಳೆದಿದ್ದಾರೆ. ನಮ್ಮಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ ಸಾಗಣೆದಾರರ ನೋಂದಣಿ, ಸರಕು ಹಾಳಾದರೆ ಯಾರ ಹೊಣೆ ಅನ್ನೋದನ್ನು ಹೇಳುತ್ತೆ. ಎಸ್ಟಿಮೇಟಿಗೆ ಇಂಥ ಮಿತಿ ಹಾಕಿಲ್ಲ. ಹಾಕಬೇಕು.

ಅಲ್ಲಿಯವರೆಗೆ ನಮ್ಮ ಕೈಲಿರೋದು ಇಷ್ಟು. ಮನೆಗೆ ಬಂದು ನೋಡದೆ ರೇಟು ಹೇಳುವವನಿಗೆ ಅಡ್ವಾನ್ಸ್ ಕೊಡಬೇಡಿ. ಸಾಮಾನಿನ ಪಟ್ಟಿ, ಎರಡೂ ಮನೆಯ ಮಹಡಿ, ತೆರಿಗೆ, ಇಳಿಸಿ ಜೋಡಿಸುವ ಕೂಲಿ, ಎಲ್ಲ ಸೇರಿ ಒಂದೇ ಮೊತ್ತ ಬರೆಸಿಕೊಳ್ಳಿ, ಸಹಿ ಹಾಕಿಸಿಕೊಳ್ಳಿ. ವಿಮೆ ಬೇಕಿದ್ದರೆ ಪಾಲಿಸಿ ಕೈಗೆ ಬಂದ ಮೇಲೆ ದುಡ್ಡು. ಒತ್ತೆ ಇಟ್ಟುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಒಂದು ಮಾತು. ಜಗಳ ಬಂದಾಗ ಬೀರು ಹೊತ್ತು ಬೆವರಿದ ಹುಡುಗರ ಮೇಲೆ ಕೂಗಾಡಬೇಡಿ. ಫೋನಿನಲ್ಲಿ 18,000 ಅಂದವರು ಅವರಲ್ಲ. ಅಂದವನು ಆ ಹೊತ್ತಿಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡಿರ್ತಾನೆ.