ಅಡಿಗೆಯ ಮನೆ: ಹಂಗೇರಿಯ ಊಟ, ಬ್ಯಾಡಗಿಯ ಬಣ್ಣ

ಸಮೀರವಾಡಿಯಿಂದ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಯಜಮಾನರು ಸಕ್ಕರೆ ಕಾರಖಾನೆಯಲ್ಲಿ ಕೆಲಸದಲ್ಲಿರುವರು. ಮಗಳು ಹಂಗೇರಿ ದೇಶದ ಸೆಗೆಡ್ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿರುವಳು. ಎರಡು ವರ್ಷಗಳ ತರುವಾಯ ರಜೆಗೆ ಊರಿಗೆ ಬರಲಿರುವ ಆಕೆ, "ಅವ್ವಾ, ಇಲ್ಲಿ ಒಂದು ನಮೂನಿ ಖೀಮಾ ಮಾಡತಾರ, ಕೆಂಪಗ ಇರತೈತಿ, ಆದರ ಖಾರ ಇರಂಗಿಲ್ಲ. ನಾ ಬಂದಾಗ ಒಂದಿನ ಅದನ್ನ ಮಾಡೋಣು" ಎಂದಳಂತೆ. ಕಾಗದದಲ್ಲಿ ಪಾಕದ ಪ್ರಶ್ನೆಯು ಒಂದೇ ಸಾಲಿನಷ್ಟು. ಉಳಿದುದೆಲ್ಲ ತಾಯಿಯ ಚಿಂತೆ. ಮಗಳ ನಾಲಗೆಗೆ ತನ್ನ ಕೈಯಡಿಗೆ ಇನ್ನು ಹಿಡಿಸೀತೋ ಇಲ್ಲವೋ ಎಂಬುದು ಒಂದು. ಮನೆಯ ಹಿರಿಯರಾದ ಅತ್ತೆಯವರು ಮಾಂಸವನ್ನು ಮುಟ್ಟುವವರಲ್ಲವಾದುದರಿಂದ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಹೇಗೆಂಬುದು ಇನ್ನೊಂದು.

ಸೋದರಿಯು ಮೊದಲು ಧೈರ್ಯ ತಾಳಬೇಕು. ಆ ಊಟದ ಜೀವಾಳವಾದ ಕೆಂಪು ಪುಡಿಯು ನಮಗೆ ಪರಕೀಯವಲ್ಲ. ಹಂಗೇರಿಯವರು ಪಾಪ್ರಿಕಾ ಎಂದು ಕರೆಯುವುದು ಮೆಣಸಿನಕಾಯಿಯ ಪುಡಿಯನ್ನೇ. ಅಮೆರಿಕ ಖಂಡದಲ್ಲಿ ಹುಟ್ಟಿದ ಈ ಕಾಯಿಯು 16ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದು ನಮ್ಮ ನಾಡನ್ನು ಸೇರಿತು. ತುರ್ಕರ ಆಳ್ವಿಕೆಯ ಕಾಲದಲ್ಲಿ ಹಂಗೇರಿಯನ್ನೂ ಸೇರಿತು. ಅಲ್ಲಿ ಸೆಗೆಡ್ ಮತ್ತು ಕಲೊಚಾ ಊರುಗಳು ಇದಕ್ಕೆ ಹೆಸರಾದವು; ಇಲ್ಲಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಾಯಿತು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣಕ್ಕಾಗಿಯೇ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದುದರಿಂದ ಮಗಳು ಅಲ್ಲಿ ಉಂಡುದು ತನ್ನ ತಾಯಿಯ ಡಬ್ಬಿಯಲ್ಲಿರುವ ಪುಡಿಯ ದಾಯಾದಿಯನ್ನೇ ಸರಿ.

ಅಲ್ಲಿಯ ಸಿಹಿ ಪಾಪ್ರಿಕಾ ಬ್ಯಾಡಗಿಗಿಂತಲೂ ಮೆತ್ತಗೆ. ಕಾಯಿಯ ಖಾರವು ಬಹುಮಟ್ಟಿಗೆ ಒಳಗಿನ ಬಿಳಿಯ ತಿರುಳಿನಲ್ಲಿರುತ್ತದೆ. ಆದುದರಿಂದ ಒಣಮೆಣಸಿನಕಾಯಿಗಳನ್ನು ಸೀಳಿ, ತಿರುಳನ್ನೂ ಬೀಜವನ್ನೂ ತೆಗೆದು, ಬಿಸಿಲಿನಲ್ಲಿ ಗರಿಗರಿಯಾಗಿಸಿ, ಸಣ್ಣಗೆ ಪುಡಿಮಾಡಿ ಜರಡಿ ಹಿಡಿಯತಕ್ಕದ್ದು.

ಹಂಗೇರಿಯ ಈ ಬಗೆಯ ಅಡಿಗೆಗಳು ದನಗಾಹಿಗಳಿಂದ ಬಂದವು. ಜಗತ್ತೆಲ್ಲ ಬಲ್ಲ ಗುಯಾಶ್ ಎಂಬ ಹೆಸರಿಗೆ ಅವರ ಭಾಷೆಯಲ್ಲಿ ದನಗಾಹಿಯೆಂದೇ ಅರ್ಥ. ಅವರು ದನದ ಮಾಂಸವನ್ನು ಬಳಸುವರು. ನಮ್ಮ ರಾಜ್ಯದಲ್ಲಿ 2020ರ ಕಾಯಿದೆಯ ಮೇರೆಗೆ ಗೋಹತ್ಯೆಯು ನಿಷಿದ್ಧವಾಗಿರುವುದರಿಂದ ಕುರಿಯ ಅಥವಾ ಆಡಿನ ಖೀಮಾದಿಂದಲೇ ಇದನ್ನು ಮಾಡುವುದು ಯುಕ್ತ. ರುಚಿಗೆ ಕುಂದಿಲ್ಲ.

ಐದು ಜನರಿಗೆ ಬೇಕಾಗುವ ಸಾಮಾನು: ಖೀಮಾ ಅರ್ಧ ಕಿಲೋ, ಬಟಾಟೆ ಅರ್ಧ ಕಿಲೋ, ದೊಡ್ಡ ಉಳ್ಳಾಗಡ್ಡಿ 4, ಟೊಮೆಟೊ 3, ದೊಣ್ಣೆ ಮೆಣಸಿನಕಾಯಿ 2, ಬೆಳ್ಳುಳ್ಳಿಯ ಎಸಳು 5, ಜೀರಿಗೆ 1 ಚಹಾ ಚಮಚ, ಮೇಲೆ ಹೇಳಿದ ಪುಡಿ 4 ಚಹಾ ಚಮಚ, ಎಣ್ಣೆ 4 ದೊಡ್ಡ ಚಮಚ, ಹುಳಿಯಿಲ್ಲದ ಗಟ್ಟಿ ಮೊಸರು 1 ಬಟ್ಟಲು, ಗೋದಿಯ ಹಿಟ್ಟು 1 ಚಹಾ ಚಮಚ, ಉಪ್ಪು.

ಖೀಮಾವನ್ನು ಕಣ್ಣೆದುರಿಗೇ ಮಾಡಿಸಿ ತಂದು ಅಂದೇ ಬೇಯಿಸಬೇಕು. ಇಡಿಯ ತುಂಡಿನಂತಲ್ಲ ಇದು. ಕೊಚ್ಚಿದ ಮಾಂಸವು ಬೇಗ ಕೆಡುತ್ತದೆ, ಅದರಲ್ಲಿಯೂ ನಮ್ಮ ಕಡೆಯ ಸೆಖೆಯಲ್ಲಿ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಜೀರಿಗೆ ಸಿಡಿದ ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಹಾಕಿ, ಸಣ್ಣ ಉರಿಯ ಮೇಲೆ ಕಾಲು ಗಂಟೆ ಬಾಡಿಸಿರಿ. ಅದು ಕರಗುವಂತೆ ಮೆತ್ತಗಾಗಬೇಕು. ಸಾರಿಗೆ ದಪ್ಪ ಬರುವುದು ಇದರಿಂದಲೇ. ಬೆಳ್ಳುಳ್ಳಿಯನ್ನು ಜಜ್ಜಿ ಹಾಕಿರಿ. ಇನ್ನು ಮುಖ್ಯವಾದ ಮಾತು: ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಅನಂತರವೇ ಪುಡಿಯನ್ನು ಹಾಕಿ ಕಲಸತಕ್ಕದ್ದು. ಈ ಪುಡಿಯ ಬಣ್ಣವು ಎಣ್ಣೆಯಲ್ಲಿ ಕರಗುತ್ತದೆ, ಆದರೆ ಅದರಲ್ಲಿರುವ ಸಕ್ಕರೆಯ ಅಂಶವು ಬಿಸಿ ಮಿತಿಮೀರಿದರೆ ಕ್ಷಣದಲ್ಲಿ ಕರಕಾಗುತ್ತದೆ. ನಾವು ಮೊದಲನೆಯ ಸಲ ಉರಿಯ ಮೇಲೆಯೇ ಹಾಕಿ, ಮನೆಮಂದಿಯನ್ನೆಲ್ಲ ಕೆಮ್ಮಿಸಿ, ಕಪ್ಪಾದ ಕಹಿ ಸಾರನ್ನು ಅತಿಥಿಗಳ ಮುಂದಿಟ್ಟು ತಲೆ ತಗ್ಗಿಸಿದುದುಂಟು. ಆ ದಿನ ಅತಿಥಿಗಳು ಮೊಸರನ್ನದಿಂದಲೇ ತೃಪ್ತರಾದರು.

ಪುಡಿ ಕಲಸಿದೊಡನೆ ಹೆಚ್ಚಿದ ಟೊಮೆಟೊ ಹಾಕಿ ಮತ್ತೆ ಒಲೆಗೇರಿಸಿ, ಎಣ್ಣೆ ಬಿಡುವವರೆಗೆ ಬೇಯಿಸಿರಿ. ಈಗ ಅತ್ತೆಯವರ ಪ್ರಶ್ನೆಗೆ ಉತ್ತರ. ಮಾಂಸ ಬೀಳುವ ಮೊದಲೇ ಈ ಮಸಾಲೆಯಲ್ಲಿ ಅರ್ಧವನ್ನು ಬೇರೊಂದು ಪಾತ್ರೆಗೆ ತೆಗೆದು, ಅದಕ್ಕೆ ಬಟಾಟೆಯ ಹೋಳು, ಉಪ್ಪು, ಮುಳುಗುವಷ್ಟು ನೀರು ಸೇರಿಸಿ ಬೇಯಿಸಬೇಕು. ಇದು ನಾವು ಕಟ್ಟಿದ ಉಪಾಯವಲ್ಲ. ಬಟಾಟೆಯ ಪಾಪ್ರಿಕಾ ಹಂಗೇರಿಯ ಮನೆಗಳಲ್ಲಿ ನಿತ್ಯದ ಊಟವೇ ಆಗಿದೆ. ಎರಡು ಪಾತ್ರೆಗಳಿಗೂ ಬೇರೆ ಬೇರೆ ಸೌಟು ಇರಲಿ.

ಉಳಿದರ್ಧಕ್ಕೆ ಖೀಮಾ ಹಾಕಿ, ಗಂಟು ಕಟ್ಟದಂತೆ ಸೌಟಿನಿಂದ ಬಿಡಿಸುತ್ತ, ಅದು ಬಿಟ್ಟ ನೀರು ಇಂಗುವವರೆಗೆ ಹುರಿಯಿರಿ. ಉಪ್ಪು ಮತ್ತು ಎರಡು ಬಟ್ಟಲು ಬಿಸಿನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿರಿ. ಹುಳಿ ಹೆಚ್ಚೆನಿಸಿದರೆ ಮಹಾಲಿಂಗಪುರದ ಬೆಲ್ಲದ ಒಂದು ಸಣ್ಣ ಚೂರು ಸಾಕು. ಹಂಗೇರಿಯವರು ಕೊನೆಗೆ ಹುಳಿಗೆನೆಯನ್ನು ಸೇರಿಸುವರು. ನಮಗೆ ಮೊಸರೇ ಆಯಿತು. ಮೊಸರಿಗೆ ಹಿಟ್ಟನ್ನು ಸೇರಿಸಿ ಕಡೆದು, ಒಂದು ಸೌಟು ಬಿಸಿ ಸಾರನ್ನು ಬೆರೆಸಿ ಹದಗೊಳಿಸಿ, ಅನಂತರ ಹಾಕಿದರೆ ಒಡೆಯುವುದಿಲ್ಲ. ಮೇಲೆ ಕುದಿ ಬರಿಸದೆ ಐದು ನಿಮಿಷ ಬೆಚ್ಚಗಾಗಿಸಿದರೆ ಸಾಕು. ಬಟಾಟೆಗೂ ಇದೇ ಕ್ರಮ. ಅದರ ಮೊಸರನ್ನು ಮೊದಲೇ ಬೇರೆಯಾಗಿ ತೆಗೆದು ಅದರ ಸಾರಿನಿಂದಲೇ ಹದಗೊಳಿಸಿರಿ.

ದೊಣ್ಣೆ ಮೆಣಸಿನಕಾಯಿಯನ್ನು ಮಾತ್ರ ಬೇಯಿಸದೆ, ತೆಳ್ಳಗೆ ಸೀಳಿ ಬಡಿಸುವಾಗ ಇಡಿರಿ. ಇದಕ್ಕೊಂದು ಕಥೆಯುಂಟು. ಸೆಗೆಡ್ ನಗರದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿಯವರಿಗೆ ಒಂದು ರಾತ್ರಿ ಹೆಂಡತಿ ಹಸಿಯ ಪಾಪ್ರಿಕಾ ಬಡಿಸಿದರಂತೆ. ತಿನ್ನಲು ಮನಸ್ಸಿಲ್ಲದೆ, ಪರೀಕ್ಷೆ ಮಾಡಿ ನೋಡುವೆನೆಂಬ ನೆವದಿಂದ ಅದನ್ನು ಪ್ರಯೋಗಶಾಲೆಗೆ ಒಯ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ 'ಸಿ' ಜೀವಸತ್ವವು ಹೇರಳವಾಗಿ ದೊರೆಯಿತು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಆ ಸತ್ವವು ಬೇಯಿಸಿದರೆ ಬಹಳಷ್ಟು ನಷ್ಟವಾಗುವುದರಿಂದ ಹಸಿಯಾಗಿ ತಿನ್ನುವುದು ಲೇಸು. ವೈದ್ಯವಿದ್ಯೆಯ ಮಗಳಿಗೆ ಈ ಕಥೆ ತಿಳಿದಿರಬಹುದು. ಅತ್ತೆಯವರಿಗೆ ಅವಳೇ ಹೇಳಲಿ.

ಅಲ್ಲಿ ಇದನ್ನು ಕುದಿಯುವ ನೀರಿನಲ್ಲಿ ಬೇಯಿಸಿದ ಹಿಟ್ಟಿನ ಚೂರುಗಳೊಡನೆ ಉಣ್ಣುವರು. ನಮ್ಮಲ್ಲಿ ಬಿಸಿಯಾದ ಜೋಳದ ರೊಟ್ಟಿ ಸಾಕು.

ಸೋದರಿಯ ದೊಡ್ಡ ಪ್ರಶ್ನೆಗೆ ಪಾಕಶಾಸ್ತ್ರದಲ್ಲಿ ಉತ್ತರವಿಲ್ಲ. ಆದರೆ ಅವರೇ ಬರೆದ ಮಾತನ್ನು ಅವರು ಇನ್ನೊಮ್ಮೆ ಓದಿಕೊಳ್ಳಲಿ. ಮಗಳು "ಮಾಡಿಕೊಡು" ಎಂದೂ ಹೇಳಲಿಲ್ಲ, "ನಾನೇ ಮಾಡಿಕೊಳ್ಳುವೆ" ಎಂದೂ ಹೇಳಲಿಲ್ಲ, "ಮಾಡೋಣು" ಎಂದಳು. ದೂರದಲ್ಲಿ ಕಲಿತ ರುಚಿಯನ್ನು ತಾಯಿಯ ಒಲೆಯ ಬಳಿಗೆ ತರಬೇಕೆಂದಿರುವ ಮಗಳು ದೂರವಾದವಳಲ್ಲ. ಉಳ್ಳಾಗಡ್ಡಿ ಹೆಚ್ಚುವ ಕೆಲಸವನ್ನು ಅವಳಿಗೆ ಕೊಡಿರಿ. ರೊಟ್ಟಿಯನ್ನು ನೀವು ಬಡಿಯಿರಿ.