ಬಾನೆಟ್ ಬಡಿದು ನೋಡಿದರೆ ಕಾರಿನ ಗಟ್ಟಿತನ ಗೊತ್ತಾಗುತ್ತದೆಯೇ? ಮಧ್ಯಮ ಸೆಡಾನ್ ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಮನೆಗಳಲ್ಲಿ ಕಾರಿನ ಮಾತು ಶುರುವಾಗುತ್ತದೆ. ಮಳೆ ಕಡಿಮೆಯಿರುವ ಜಗಳೂರಿನಲ್ಲೂ ಮೆಕ್ಕೆಜೋಳ ಕೈಹಿಡಿದರೆ ಅದೇ ಮಾತು. ಸಣ್ಣ ಕಾರು ಸಾಕು ಎಂದು ಹೊರಟವರು ಶೋರೂಮಿಗೆ ಹೋದ ಮೇಲೆ ‘ಇನ್ನೆರಡು ಲಕ್ಷ ಹಾಕಿದರೆ ಲಕ್ಷುರಿ ಕಾರೇ ಬರುತ್ತಲ್ಲ’ ಎನ್ನುತ್ತಾರೆ. ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಈ ಸಾಲಿನ ಕಾರುಗಳು. ಬೆಲೆ ಹೆಚ್ಚುಕಡಿಮೆ 10 ಲಕ್ಷದಿಂದ 20 ಲಕ್ಷದೊಳಗೆ.

ಇಷ್ಟು ದುಡ್ಡು ಹಾಕುವಾಗ ನಾವು ಏನನ್ನು ನೋಡಿ ನಿರ್ಧರಿಸುತ್ತೇವೆ? ಹೆಚ್ಚಿನವರು ನೋಡುವುದು ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್, ಚರ್ಮದಂತೆ ಕಾಣುವ ಸೀಟು. ಆದರೆ ಜೀವ ಉಳಿಸುವ ಮತ್ತು ಜೇಬು ಉಳಿಸುವ ಸಂಗತಿಗಳು ಶೋರೂಮಿನ ದೀಪದಡಿ ಕಣ್ಣಿಗೆ ಬೀಳುವುದಿಲ್ಲ. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ನಂಬಿಕೆ 1: ತಗಡು ದಪ್ಪಗಿದ್ದರೆ ಕಾರು ಗಟ್ಟಿ

ಬಾನೆಟ್ ಮೇಲೆ ಬೆರಳಿನಿಂದ ಒತ್ತುವುದು, ಬಾಗಿಲು ಹಾಕಿ ‘ಧಡ್’ ಎನ್ನುವ ಸದ್ದು ಕೇಳುವುದು ನಮ್ಮಲ್ಲಿ ಎಲ್ಲರೂ ಮಾಡುವ ಪರೀಕ್ಷೆ. ಬಾಗಿಲಿನ ಸದ್ದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ರಬ್ಬರ್ ಪಟ್ಟಿ, ಬೀಗ ಮತ್ತು ಒಳಗಿನ ಸದ್ದು ತಡೆಯುವ ಹೊದಿಕೆ. ಬಾನೆಟ್‌ನ ತಗಡು ಹೊರಮೈ ಅಷ್ಟೇ. ಪ್ರಯಾಣಿಕರನ್ನು ಕಾಪಾಡುವುದು ಅದರ ಒಳಗಿನ ಉಕ್ಕಿನ ಚೌಕಟ್ಟು.

ಕಾರಿನ ಮುಂಭಾಗ ಅಪಘಾತದಲ್ಲಿ ನಜ್ಜುಗುಜ್ಜಾಗಲೆಂದೇ ವಿನ್ಯಾಸವಾಗಿರುತ್ತದೆ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಮುಂಭಾಗ ಕುಸಿಯುತ್ತಾ ಹೊಡೆತದ ಶಕ್ತಿಯನ್ನು ಹೀರಿಕೊಳ್ಳಬೇಕು, ಜನ ಕೂರುವ ಕೋಣೆ ಮಾತ್ರ ಆಕಾರ ಕಳೆದುಕೊಳ್ಳಬಾರದು. ‘ಮುಂದೆ ಪೂರ್ತಿ ಜಜ್ಜಿ ಹೋಗಿದೆ, ಎಂಥ ಹಗುರ ಕಾರು’ ಎಂದು ನಾವು ಬೈಯುವ ಕಾರು ಎಷ್ಟೋ ಸಲ ತನ್ನ ಕೆಲಸ ಸರಿಯಾಗಿ ಮಾಡಿರುತ್ತದೆ.

ನಂಬಿಕೆ 2: ಐದು ಸ್ಟಾರ್ ಇದ್ದರೆ ಯೋಚನೆಯೇ ಬೇಡ

ಸ್ಟಾರ್ ರೇಟಿಂಗ್ ಉಪಯುಕ್ತ ಮಾಹಿತಿ, ಅನುಮಾನವಿಲ್ಲ. ಗ್ಲೋಬಲ್ ಎನ್‌ಕ್ಯಾಪ್ 2023ರ ಏಪ್ರಿಲ್‌ನಲ್ಲಿ ಸ್ಲಾವಿಯಾ ಮತ್ತು ವರ್ಟಸ್‌ಗೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ವೆರ್ನಾಗೆ ಐದು ಸ್ಟಾರ್ ಕೊಟ್ಟಿತು. ಆದರೆ ವರದಿಯ ಒಳಗೆ ಇಳಿದರೆ ವ್ಯತ್ಯಾಸ ಕಾಣುತ್ತದೆ. ಮೊದಲ ಎರಡು ಕಾರುಗಳ ಚೌಕಟ್ಟು ‘ಸ್ಥಿರ’ ಎಂದು, ವೆರ್ನಾದ ಚೌಕಟ್ಟು ‘ಅಸ್ಥಿರ’ ಎಂದು ದಾಖಲಾಗಿದೆ. ಅಂದರೆ ಅದಕ್ಕಿಂತ ಹೆಚ್ಚಿನ ಹೊಡೆತ ತಡೆಯುವ ಸಾಮರ್ಥ್ಯ ಆ ಚೌಕಟ್ಟಿಗಿಲ್ಲ ಎಂದರ್ಥ. ಏರ್‌ಬ್ಯಾಗ್, ಬೆಲ್ಟ್ ಮುಂತಾದವುಗಳ ಅಂಕಗಳೂ ಸೇರುವುದರಿಂದ ಒಟ್ಟು ಸ್ಟಾರ್ ಒಂದೇ ಆಗುತ್ತದೆ. ಹಾಗಾಗಿ ಸ್ಟಾರ್ ಎಣಿಸಿ ಸುಮ್ಮನಾಗದೆ ಚೌಕಟ್ಟಿನ ಬಗ್ಗೆ ಏನು ಬರೆದಿದ್ದಾರೆಂದು ಓದಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಪರೀಕ್ಷೆ ನಡೆಸುತ್ತಿದೆ.

ಇನ್ನೊಂದು ಮುಖ್ಯ ಅಂಶ ವೇಗ. ಮುಂಭಾಗದ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದಾವಣಗೆರೆ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 100 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಆ ಶಕ್ತಿ ಪರೀಕ್ಷೆಯಲ್ಲಿದ್ದುದರ ಸುಮಾರು ಎರಡೂವರೆ ಪಟ್ಟು. ಐದು ಸ್ಟಾರ್ ಎಂದರೆ ಎಷ್ಟು ವೇಗಕ್ಕೂ ಭರವಸೆ ಎಂದಲ್ಲ.

ನಂಬಿಕೆ 3: ಹಿಂದೆ ಕೂತವರಿಗೆ ಬೆಲ್ಟ್ ಬೇಕಿಲ್ಲ

ನಮ್ಮ ಕಡೆ ಮದುವೆಗೋ ಜಾತ್ರೆಗೋ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿ, ಅಮ್ಮ, ತೊಡೆಯ ಮೇಲೆ ಮಗು ಇರುವುದು ಮಾಮೂಲು. ಬೆಲ್ಟಿನ ಕೊಂಡಿ ಸೀಟಿನ ಸಂದಿಯಲ್ಲಿ ಹೂತುಹೋಗಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕುಳಿತಿದ್ದುದು ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ. ಹಿಂದಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡರೂ ಬದುಕುಳಿದರು. ಬೆಲ್ಟ್ ಹಾಕದವರ ಪಾಲಿಗೆ ಕಾರಿನ ಬೆಲೆ ಎಷ್ಟಿದ್ದರೂ ಪ್ರಯೋಜನವಿಲ್ಲ.

ಮಗುವಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕ. 50 ಕಿ.ಮೀ. ವೇಗದ ಕಾರು ಗುದ್ದಿ ಅರ್ಧ ಮೀಟರ್‌ನೊಳಗೆ ನಿಂತರೆ, 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು ಎರಡು ಕ್ವಿಂಟಲ್ ಎತ್ತುವಷ್ಟು ಬಲ ಬೇಕು. ಎಂಥ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆಯೇ, ಹಿಂದಿನ ನಡುವಿನ ಸೀಟಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ಸನ್‌ರೂಫ್‌ಗಿಂತ ಮೊದಲು ಕೇಳಿ.

ನಂಬಿಕೆ 4: ಸೆಡಾನ್ ಹಳ್ಳಿ ರಸ್ತೆಗೆ ಆಗುವುದೇ ಇಲ್ಲ

ಇದು ಅರ್ಧ ಸತ್ಯ. ಕಂಪನಿಗಳು ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಸ್ಲಾವಿಯಾ, ವರ್ಟಸ್‌ಗಳಲ್ಲಿ 179 ಮಿ.ಮೀ., ಸಿಟಿ ಮತ್ತು ವೆರ್ನಾಗಳಲ್ಲಿ 165 ಮಿ.ಮೀ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ಹಾಕಿದ ಹಂಪ್ ಮೇಲೆ ನಿಧಾನವಾಗಿ ಹೋದರೆ ಈ ಯಾವ ಕಾರಿನ ತಳವೂ ಬಡಿಯುವುದಿಲ್ಲ. ತೊಂದರೆ ಕೊಡುವುದು ಊರವರೇ ಹಾಕಿಕೊಂಡ ಗಿಡ್ಡ ಅಗಲದ, ಚೂಪು ಹಂಪ್‌ಗಳು.

ಇಲ್ಲಿ ಎರಡು ಸಂಗತಿ ನೆನಪಿಡಿ. ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರು ತಗ್ಗುತ್ತದೆ, ಬ್ರೋಷರಿನ ಅಂಕಿ ಉಳಿಯುವುದಿಲ್ಲ. ಹಾಗೆಯೇ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಹೊಟ್ಟೆ ತಾಗುವ ಸಂಭವ ಹೆಚ್ಚು. ಕಾಲು ಚಾಚಲು ಹೆಚ್ಚು ಜಾಗ ಕೊಡುವ ಉದ್ದನೆಯ ಕಾರಿಗೆ ಇದು ತಪ್ಪದ ಬೆಲೆ.

ಸುಗ್ಗಿಯಲ್ಲಿ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಿಸುವ, ಹುರುಳಿ ಹರಡುವ ಕಡೆ ಇನ್ನೂ ಎಚ್ಚರ ಬೇಕು. ಕಾಳಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ, ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ. ಒಣ ಸೊಪ್ಪು ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಇಂಥ ಘಟನೆಗಳು ರಾಜ್ಯದಲ್ಲಿ ನಡೆದಿವೆ. ತಗ್ಗಿನ ಕಾರಿಗೆ ಈ ಅಪಾಯ ಹೆಚ್ಚು.

ನಂಬಿಕೆ 5: ಬ್ರೋಷರಿನಲ್ಲಿ ಹೇಳಿದ ಮೈಲೇಜ್ ಸಿಗಲೇಬೇಕು

ಅಧಿಕೃತ ಮೈಲೇಜ್ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ. ಎ.ಸಿ. ಬಂದ್ ಇರುತ್ತದೆ, ವೇಗ 90 ಕಿ.ಮೀ. ದಾಟುವುದಿಲ್ಲ. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಆ ಅಂಕಿ ಸಾಕು, ತಿಂಗಳ ಪೆಟ್ರೋಲ್ ಖರ್ಚು ಅಂದಾಜು ಮಾಡಲು ಸಾಲದು. ಜೊತೆಗೆ ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದನ್ನು ತಯಾರಿಸುವ ಬೆಳೆಗಳಲ್ಲಿ ನಮ್ಮ ಮೆಕ್ಕೆಜೋಳವೂ ಒಂದು. ಎಥನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ತಗ್ಗುವುದು ಸಹಜ, ಅದಕ್ಕೆ ಕಾರು ಕೆಟ್ಟಿದೆ ಎಂದು ಹೆದರಬೇಕಿಲ್ಲ.

ದುಡ್ಡಿನ ಲೆಕ್ಕ

‘ಕೈಗೆಟುಕುವ ಲಕ್ಷುರಿ’ ಎಂಬುದು ಜಾಹೀರಾತಿನ ಮಾತು. ತೆರಿಗೆಯ ಲೆಕ್ಕದಲ್ಲಿ ಮಾತ್ರ ಇದು ನಿಜಕ್ಕೂ ಮೇಲಿನ ವರ್ಗ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್‌ ಒಳಗಿನ ಸಣ್ಣ ಪೆಟ್ರೋಲ್ ಕಾರಿಗೆ ಶೇ 18 ಜಿಎಸ್‌ಟಿ. ಈ ಸೆಡಾನ್‌ಗಳ ಉದ್ದ ನಾಲ್ಕೂವರೆ ಮೀಟರ್ ದಾಟುವುದರಿಂದ, ಎಂಜಿನ್ ಒಂದೇ ಲೀಟರ್‌ನದಾಗಿದ್ದರೂ ಶೇ 40. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ 17ರಷ್ಟು ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ ಬೇರೆ. 12 ಲಕ್ಷದ ಕಾರಿಗೆ ಇದೇ ಎರಡು ಲಕ್ಷ ದಾಟುತ್ತದೆ.

ಸಾಲ ಮಾಡಿದರೆ? 10 ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 20,760 ರೂಪಾಯಿ, ಒಟ್ಟು ಬಡ್ಡಿ ಸುಮಾರು 2.45 ಲಕ್ಷ. ಏಳು ವರ್ಷ ಮಾಡಿಕೊಂಡರೆ ಕಂತು 16,090ಕ್ಕೆ ಇಳಿಯುತ್ತದೆ, ಬಡ್ಡಿ 3.5 ಲಕ್ಷಕ್ಕೆ ಏರುತ್ತದೆ. ಸಂಬಳದಾರರಿಗೆ ಪ್ರತಿ ತಿಂಗಳೂ ದುಡ್ಡು ಬರುತ್ತದೆ. ರೈತರಿಗೆ ಬರುವುದು ಫಸಲು ಮಾರಿದಾಗ. ಕಂತು ಮಾತ್ರ ಅಡಿಕೆ ದರ ಬಿದ್ದ ತಿಂಗಳೂ ಬರುತ್ತದೆ, ಜಗಳೂರಿಗೆ ಮಳೆ ಕೈಕೊಟ್ಟ ವರ್ಷವೂ ಬರುತ್ತದೆ. ಒಳ್ಳೆಯ ವರ್ಷದ ದರ ನೋಡಿ ಕಂತು ಗೊತ್ತು ಮಾಡಿಕೊಳ್ಳದೆ, ಕೆಟ್ಟ ವರ್ಷದಲ್ಲೂ ಕಟ್ಟಲಾಗುವಷ್ಟನ್ನೇ ಒಪ್ಪಿಕೊಳ್ಳುವುದು ಕ್ಷೇಮ.

ಹಾಗಾದರೆ ಏನು ಮಾಡಬೇಕು?

• ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ನಿಮ್ಮೂರಿನ ಹಂಪ್‌ಗಳಂಥವು ಇರುವ ರಸ್ತೆಯಲ್ಲಿ ಓಡಿಸಿ.
• ಮೊಣಕಾಲು ನೋವಿರುವ ಹಿರಿಯರು ಹತ್ತಿ ಇಳಿಯಲಿ. ಸೆಡಾನ್ ಸೀಟು ತಗ್ಗಿನಲ್ಲಿರುತ್ತದೆ.
• ಎಲ್ಲ ಸೀಟಿನ ಬೆಲ್ಟನ್ನೂ ಒಮ್ಮೆ ಹಾಕಿ ನೋಡಿ.
• ಹತ್ತಿರದ ಸರ್ವಿಸ್ ಸೆಂಟರ್ ದಾವಣಗೆರೆಯಲ್ಲಿದೆಯೋ ಶಿವಮೊಗ್ಗದಲ್ಲಿದೆಯೋ ವಿಚಾರಿಸಿ. ಮುಂದಿನ ಬಂಪರ್, ಹೆಡ್‌ಲೈಟ್ ಬದಲಿಸಲು ಎಷ್ಟಾಗುತ್ತದೆಂದು ಕೇಳಿ.
• ಶೋರೂಮ್ ಬೆಲೆಗಳನ್ನಲ್ಲ, ಆನ್‌ರೋಡ್ ಬೆಲೆಗಳನ್ನು ಹೋಲಿಸಿ.

ದುಡ್ಡು ಸಾಲದಿದ್ದರೆ ಸನ್‌ರೂಫ್ ಇರುವ ಮಾದರಿ ಬಿಟ್ಟು ಕೆಳಗಿನ ಮಾದರಿ ಕೊಳ್ಳಿ. ಗಟ್ಟಿ ಚೌಕಟ್ಟು, ಆರು ಏರ್‌ಬ್ಯಾಗ್, ಎಲ್ಲರಿಗೂ ಸರಿಯಾದ ಬೆಲ್ಟ್ ಅದರಲ್ಲೂ ಇದ್ದರೆ ನಿಮಗೆ ನಷ್ಟವೇನೂ ಇಲ್ಲ.